ಬಾಡಿಗೆಗೆ ತಂದ ಪಂಪು, ಅಜ್ಜಿಯ ಕಾಲದ ಒಳಲೆ

ಜೂನ್ 11ರಿಂದ ಜುಲೈ 10ರವರೆಗೆ ಮೈಸೂರಿನ ನನ್ನ ತವರುಮನೆಯಲ್ಲಿ ಒಂದು ಎಲೆಕ್ಟ್ರಿಕ್ ಬ್ರೆಸ್ಟ್ ಪಂಪ್ ಇತ್ತು. ಬಾಡಿಗೆಗೆ ತಂದಿದ್ದು. ಅದರ ಜೊತೆಗೆ ಅಮ್ಮನ ಬೀರುವಿನಿಂದ ಹೊರಗೆ ಬಂದ ಒಂದು ಬೆಳ್ಳಿ ಒಳಲೆ, ಅಂದರೆ ಕೂಸಿಗೆ ಹಾಲು ಕುಡಿಸುವ ಮೂತಿ ಇರುವ ಪುಟ್ಟ ಬಟ್ಟಲು. ಈ ಎರಡರ ಬಗ್ಗೆ ಬರೆಯುತ್ತಿದ್ದೇನೆ. ಪಂಪ್ ಹುಡುಕುವಾಗ ನನಗೆ ಸಿಕ್ಕ ರಿವ್ಯೂಗಳೆಲ್ಲ ಆಫೀಸಿಗೆ ವಾಪಸ್ ಹೋಗುವ ಅಮ್ಮಂದಿರು ಬರೆದವು. ಬ್ಯಾಗಿನಲ್ಲಿ ಹಿಡಿಯುತ್ತಾ, ಸದ್ದು ಬರುತ್ತಾ, ಚಾರ್ಜ್ ಎಷ್ಟು ಹೊತ್ತು ನಿಲ್ಲುತ್ತೆ, ಇಷ್ಟೇ. ನನ್ನ ಕಷ್ಟ ಬೇರೆ ಇತ್ತು. ಐದು ದಿನದ ಕೂಸು, ಜಾಂಡೀಸ್, ಕಣ್ಣೇ ಬಿಡುತ್ತಿಲ್ಲ. ನನಗೆ ಹಾಲು ಇನ್ನೂ ಸರಿಯಾಗಿ ಇಳಿದಿಲ್ಲ. ಅದೇ ಜಾಗದಲ್ಲಿ ಈಗ ಇರುವವರಿಗಾಗಿ ಇದು.

ಮಗಳು ಹುಟ್ಟಿದ್ದು ಜೂನ್ 5ಕ್ಕೆ. 37 ವಾರ 2 ದಿನ. ಸಿಸೇರಿಯನ್. ತೂಕ 2 ಕೆಜಿ 640 ಗ್ರಾಂ. ಮೊದಲ ದಿನ ಎದೆಗೆ ಹಾಕಿದಾಗ ಚೆನ್ನಾಗಿ ಬಾಯಿ ಹಾಕಿದಳು. ಎರಡನೇ ದಿನದಿಂದ ಎರಡು ಸಲ ಚೀಪುವುದು, ನಿದ್ದೆ. ಮತ್ತೆ ಎಬ್ಬಿಸಿದರೆ ಎರಡು ಸಲ ಚೀಪುವುದು, ನಿದ್ದೆ. ನೋಡಲು ಬಂದವರೆಲ್ಲ "ಎಷ್ಟು ಸಾಧು ಮಗು, ಅಳೋದೇ ಇಲ್ಲ" ಅಂದರು. ನಾನೂ ಹಾಗೇ ಅಂದುಕೊಂಡೆ. 8ನೇ ತಾರೀಕು ಬೆಳಿಗ್ಗೆ ಕಿಟಕಿಯ ಹತ್ತಿರ ಬಟ್ಟೆ ಬದಲಾಯಿಸುವಾಗ ಅಮ್ಮ ನೋಡಿದರು. ಮುಖ, ಕುತ್ತಿಗೆ, ಎದೆಯವರೆಗೂ ಅರಿಶಿನ ಹಚ್ಚಿದ ಹಾಗಿತ್ತು. ಹಣೆಯನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಆ ಜಾಗ ಹಳದಿಯಾಗಿ ಕಾಣುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ಬಿಲಿರುಬಿನ್, ಅಂದರೆ ಜಾಂಡೀಸ್ ತರುವ ಹಳದಿ ವಸ್ತು, 17.4 ಬಂತು. ತೂಕ 2 ಕೆಜಿ 410ಕ್ಕೆ ಇಳಿದಿತ್ತು. ತಕ್ಷಣ ನೀಲಿ ಲೈಟಿನ ಕೆಳಗೆ ಮಲಗಿಸಿದರು.

ಮಕ್ಕಳ ಡಾಕ್ಟರು ಬಿಡಿಸಿ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಹುಟ್ಟಿದ ಮಕ್ಕಳಲ್ಲಿ ಹಳೆಯ ಕೆಂಪು ರಕ್ತಕಣ ಬೇಗ ಬೇಗ ಒಡೆಯುತ್ತವೆ. ಅದರಿಂದ ಬರುವ ಹಳದಿ ವಸ್ತುವೇ ಬಿಲಿರುಬಿನ್. ಅದನ್ನು ಹೊರಗೆ ಹಾಕುವಷ್ಟು ಲಿವರ್ ಇನ್ನೂ ಪಳಗಿರುವುದಿಲ್ಲ. ಅದು ಮುಖ್ಯವಾಗಿ ಹೊರಗೆ ಹೋಗುವ ದಾರಿ ಅಂದರೆ ಮಲ. ಹಾಲು ಕಡಿಮೆಯಾದರೆ ಮಲ ಕಡಿಮೆ. ಮಲ ಹೊರಗೆ ಹೋಗದೆ ನಿಂತರೆ ಬಿಲಿರುಬಿನ್ ಕರುಳಿನಿಂದ ಮತ್ತೆ ರಕ್ತಕ್ಕೆ ಸೇರುತ್ತದೆ. ಬಿಲಿರುಬಿನ್ ಏರಿದಷ್ಟೂ ಮಗುವಿಗೆ ಮಂಪರು. ಮಂಪರು ಜಾಸ್ತಿಯಾದಷ್ಟೂ ಹಾಲು ಕುಡಿಯುವುದು ಕಡಿಮೆ. ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ. ನೀಲಿ ಬೆಳಕು ಚರ್ಮದಲ್ಲಿರುವ ಬಿಲಿರುಬಿನ್ನಿನ ರೂಪ ಬದಲಾಯಿಸಿ ಲಿವರಿಗೆ ಹೆಚ್ಚು ಕೆಲಸ ಕೊಡದೆ ಸುಲಭವಾಗಿ ಹೊರಗೆ ಹೋಗುವಂತೆ ಮಾಡುತ್ತದೆ. ಆದರೆ ಹೊಟ್ಟೆಗೆ ಹಾಲು ಬೀಳಲೇಬೇಕು.

ಬೀಳಿಸಿದರು. ಎರಡೂವರೆ ಗಂಟೆಗೊಮ್ಮೆ 25 ಎಂಎಲ್ ಪೌಡರ್ ಹಾಲು, ಬಾಟಲಿಯಲ್ಲಿ. ಅದರ ಬಗ್ಗೆ ನನಗೆ ಬೇಸರವಿಲ್ಲ. ಆ ಹೊತ್ತಿಗೆ ಮಗುವಿಗೆ ಅದು ಬೇಕಿತ್ತು. ಎದೆಹಾಲು ಕಮ್ಮಿ ಇದ್ದಾಗ ಡಾಕ್ಟರು ಹೇಳಿದ ಪೌಡರ್ ಹಾಲನ್ನು ಬೇಡ ಅಂತ ಹಟ ಹಿಡಿಯಬೇಡಿ, ದಯವಿಟ್ಟು. ನನಗೆ ನೋವಾಗಿದ್ದು ಬೇರೆ ವಿಷಯಕ್ಕೆ. ಮಗು ಕೆಳಗಿನ ಮಹಡಿಯಲ್ಲಿ ಲೈಟಿನಲ್ಲಿ, ನಾನು ಮೇಲಿನ ಮಹಡಿಯ ವಾರ್ಡಿನಲ್ಲಿ. ಎರಡು ದಿನ. ಆ ಎರಡು ದಿನದಲ್ಲಿ "ನಿಮ್ಮ ಎದೆಯಿಂದಲೂ ಹಾಲು ತೆಗೆಯುತ್ತಾ ಇರಿ" ಅಂತ ಒಬ್ಬರೂ ಹೇಳಲಿಲ್ಲ. 9ನೇ ತಾರೀಕು ಸಂಜೆ ಎದೆ ಭಾರವಾಗಿ, ಬಿಸಿಯಾಗಿ, ಕೈ ಎತ್ತಿದರೆ ನೋವು. ಹಾಲು ಇಳಿಯುತ್ತಿದೆ ಅಂತ ನನಗೆ ಗೊತ್ತಾಗಲಿಲ್ಲ. ನರ್ಸ್ ಬಂದು ನೋವಿನ ಮಾತ್ರೆ ಕೊಟ್ಟರು. ಮಾರನೇ ದಿನ ಎದೆ ಮತ್ತೆ ಮೆತ್ತಗಾಯಿತು. ನಾನು ವಾಸಿಯಾಯಿತು ಅಂದುಕೊಂಡೆ.

ಎದೆಯಲ್ಲಿ ಹಾಲು ಹಾಗೇ ನಿಂತರೆ ದೇಹ "ಇಷ್ಟು ಬೇಡ" ಅಂತ ತಿಳಿದುಕೊಳ್ಳುತ್ತದೆ. ತೆಗೆದಷ್ಟೂ ಬರುತ್ತದೆ, ಬಿಟ್ಟಷ್ಟೂ ಬತ್ತುತ್ತದೆ. ಮೊದಲ ಎರಡು ವಾರ ಇದು ತುಂಬಾ ಮುಖ್ಯ. ಮಗು ಹೊರಗಿನಿಂದ ಹಾಲು ಕುಡಿದ ಪ್ರತಿ ಸಲವೂ ತಾಯಿಯ ಎದೆ ಖಾಲಿಯಾಗಬೇಕು. ಈ ಒಂದು ಮಾತು 8ನೇ ತಾರೀಕೇ ಗೊತ್ತಿದ್ದಿದ್ದರೆ ಮುಂದಿನ ಎರಡು ವಾರ ಅಷ್ಟು ಕಷ್ಟ ಪಡಬೇಕಾಗಿರಲಿಲ್ಲ.

10ನೇ ತಾರೀಕು ಬಿಲಿರುಬಿನ್ 11.2ಕ್ಕೆ ಇಳಿದು ಮನೆಗೆ ಕಳಿಸಿದರು. ಮನೆಯಲ್ಲಿ ಎದೆಗೆ ಹಾಕಿದರೆ ಮಗು ಮುಖ ತಿರುಗಿಸಿ ಅಳುವುದು, ಇಲ್ಲ ನಿದ್ದೆ. ಬಾಟಲಿಯಲ್ಲಿ ಸಲೀಸಾಗಿ ಬರುತ್ತಿದ್ದ ಹಾಲು ಇಲ್ಲಿ ಬರುತ್ತಿಲ್ಲವಲ್ಲ. ದೊಡ್ಡಮ್ಮ ಎದೆ ಒತ್ತಿ ನೋಡಿ "ಹಾಲೇ ಇಲ್ಲ ಕಣೇ ನಿಂಗೆ" ಅಂದರು. ಪ್ರೀತಿಯಿಂದಲೇ ಅಂದರು. ಆದರೂ ಆ ರಾತ್ರಿ ನಾನು ತುಂಬಾ ಅತ್ತೆ.

ಮೊದಲು ತರಿಸಿದ್ದು ಕೈಯಲ್ಲಿ ಒತ್ತುವ ಪಂಪ್. 900 ರೂಪಾಯಿ. ಅರ್ಧ ಗಂಟೆ ಒತ್ತಿದರೆ ತಳ ಮುಚ್ಚುವಷ್ಟು, 5 ಎಂಎಲ್. ಹೊಲಿಗೆ ಹಾಕಿದ ಹೊಟ್ಟೆ ಇಟ್ಟುಕೊಂಡು, ಬಗ್ಗಿ ಕೂತು, ದಿನಕ್ಕೆ ಎಂಟು ಸಲ ಅದನ್ನು ಒತ್ತಲು ಆಗುವುದಿಲ್ಲ. ಮಣಿಕಟ್ಟು ಊದಿಕೊಂಡಿತು. ಹಾಲು ಚೆನ್ನಾಗಿ ಬರುತ್ತಿದ್ದು, ಯಾವಾಗಲೋ ಒಮ್ಮೆ ಎದೆ ಕಟ್ಟಿದಾಗ ಹಗುರ ಮಾಡಿಕೊಳ್ಳಲು ಅದು ಸಾಕು. ಹಾಲನ್ನೇ ಹೊಸದಾಗಿ ಬರಿಸಲು ಸಾಲದು.

11ನೇ ತಾರೀಕು ನಮ್ಮನೆಯವರು ಸಯ್ಯಾಜಿರಾವ್ ರಸ್ತೆಯ ಪಕ್ಕದ ಒಂದು ಸರ್ಜಿಕಲ್ ಅಂಗಡಿಯಿಂದ ಪಂಪ್ ಬಾಡಿಗೆಗೆ ತಂದರು. ಗಾಲಿಕುರ್ಚಿ, ಆಕ್ಸಿಜನ್ ಸಿಲಿಂಡರ್ ಬಾಡಿಗೆಗೆ ಕೊಡುವಂಥ ಅಂಗಡಿ. ತಿಂಗಳಿಗೆ 3,500 ಬಾಡಿಗೆ, 6,000 ಡಿಪಾಸಿಟ್, ಕಿಟ್ಟಿಗೆ 2,800. ಕಿಟ್ ಅಂದರೆ ಹಾಲು ತಾಗುವ ಭಾಗಗಳು: ಎದೆಗೆ ಇಡುವ ಆಲಿಕೆಯಂಥ ಶೀಲ್ಡ್, ವಾಲ್ವ್, ಪೈಪು, ಬಾಟಲಿ. ಇದು ಹೊಸದೇ ಆಗಿರಬೇಕು, ಸೀಲ್ ಒಡೆಯದೆ ಇರಬೇಕು. ಮೋಟಾರ್ ಮಾತ್ರ ಬಾಡಿಗೆಯದು. ಹಲವರು ಬಳಸುವ ಪಂಪಿನಲ್ಲಿ ಹಾಲು ಮೋಟಾರಿನ ಒಳಗೆ ಹೋಗದ ಹಾಗೆ ತಡೆ ಇರಬೇಕು. ಅಂಗಡಿಯ ಹಿರಿಯರು ಅದನ್ನು ಬಿಚ್ಚಿ ತೋರಿಸಿ, "ಇದಿಲ್ದೆ ಇರೋ ಪಂಪ್‌ನ ಬಾಡಿಗೆಗೆ ತಗೋಬೇಡಿ ಸಾರ್, ನಮ್ಮಂಗಡಿ ಆದ್ರೂ ಸರಿ" ಅಂದರಂತೆ. ಆ ಮಾತಿಗೇ ನಾನು ಈ ಅಂಗಡಿಯನ್ನು ಮೆಚ್ಚಿದೆ. ಇನ್ನೊಬ್ಬರು ಬಳಸಿದ ಸಣ್ಣ ಪಂಪನ್ನು ಅಕ್ಕಪಕ್ಕದವರಿಂದ ಇಸಿದುಕೊಳ್ಳುವವರು ಇದನ್ನು ಗಮನಿಸಿ.

ಪಂಪು ಹೇಗಿದೆ ಅಂದರೆ, ಸಣ್ಣ ಟಿಫನ್ ಕ್ಯಾರಿಯರ್ ಅಡ್ಡ ಮಲಗಿಸಿದಷ್ಟು. ಮೂರು ಕೆಜಿ ಹತ್ತಿರ ತೂಕ. ಮಂಚದ ಪಕ್ಕದ ಸ್ಟೂಲ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಒಟ್ಟಿಗೆ ಎರಡೂ ಕಡೆ ತೆಗೆಯಬಹುದು. ಇದೇ ಇದರ ದೊಡ್ಡ ಗುಣ. ಒಂದೊಂದೇ ಕಡೆ ತೆಗೆದರೆ ಮೂವತ್ತು ನಿಮಿಷ ಆಗುವುದು ಇಲ್ಲಿ ಹದಿನೈದಕ್ಕೆ ಮುಗಿಯುತ್ತದೆ. ಮೊದಲ ಎರಡು ನಿಮಿಷ ಪಟಪಟ ಅಂತ ಬೇಗ ಬೇಗ ಎಳೆಯುತ್ತದೆ, ಮಗು ಶುರುವಿಗೆ ಚೀಪುವ ಹಾಗೆ. ಹಾಲು ಇಳಿದ ಮೇಲೆ ನಿಧಾನವಾಗಿ, ಆಳವಾಗಿ ಎಳೆಯುತ್ತದೆ. ಸದ್ದು ಇದೆ, ಆದರೆ ಅದೇ ಕೋಣೆಯಲ್ಲಿ ಮಗು ಮಲಗಿರುತ್ತಿದ್ದಳು. ನಮ್ಮದರಲ್ಲಿ ಬ್ಯಾಟರಿ ಇರಲಿಲ್ಲ. ಜೂನ್ ಮಳೆಗೆ ಕರೆಂಟು ಹೋದಾಗ ಇನ್ವರ್ಟರಿನಲ್ಲಿ ಓಡಿಸಿದೆ, ತೊಂದರೆ ಆಗಲಿಲ್ಲ. ಮನೆಯಲ್ಲಿ ಇನ್ವರ್ಟರ್ ಇಲ್ಲದಿದ್ದರೆ ಬ್ಯಾಟರಿ ಇರುವುದನ್ನೇ ಕೇಳಿ.

ಆದರೆ ಮೊದಲ ದಿನ ಎಂಟು ಸಲ ಹಾಕಿದರೂ ಬಂದಿದ್ದು ಒಟ್ಟು 62 ಎಂಎಲ್. ಈ ಲೆಕ್ಕ ನನ್ನ ಹತ್ತಿರ ಇರುವುದು ಅಪ್ಪನಿಂದ. ಅವರು ಹಳೆಯ ಎಲ್‌ಐಸಿ ಡೈರಿ ತಂದು, ಸ್ಕೇಲ್ ಇಟ್ಟು ಗೆರೆ ಎಳೆದು, ಸಮಯ, ಬಲ, ಎಡ, ಒಟ್ಟು, ಮಗು ಕುಡಿದದ್ದು, ಮೂತ್ರ, ಮಲ ಅಂತ ಮನೆ ಮಾಡಿಕೊಟ್ಟರು. ಮಗಳ ಎದೆಹಾಲಿನ ಲೆಕ್ಕ ಬರೆಯಲು ಅಪ್ಪನಿಗೆ ಸಂಕೋಚ ಆಗಬಹುದು ಅಂತ ನಾನು ಅಂದುಕೊಂಡಿದ್ದೆ. ಅವರು ಬಾಗಿಲ ಆಚೆ ನಿಂತು "ಎಷ್ಟಮ್ಮಾ?" ಅಂತ ಕೇಳುವರು, ನಾನು ಹೇಳುವೆ, ಬರೆದುಕೊಂಡು ಹೋಗುವರು. ರಾತ್ರಿ ಮೂರು ಗಂಟೆಗೂ.

12, 13 ಎರಡು ದಿನವೂ ಅಷ್ಟೇ. ಬಲಗಡೆ ತೊಟ್ಟಿನ ಬುಡ ಕೆಂಪಾಗಿ ಉರಿ ಶುರುವಾಯಿತು. ಪಂಪಿನ ಶಕ್ತಿ ಜಾಸ್ತಿ ಮಾಡಿದರೆ ಜಾಸ್ತಿ ಹಾಲು ಬರುತ್ತೆ ಅಂತ ಪೂರ್ತಿ ಮೇಲಕ್ಕೆ ತಿರುಗಿಸಿ, ಹಲ್ಲು ಕಚ್ಚಿ ಕೂರುತ್ತಿದ್ದೆ. ಬಾಡಿಗೆ ವಾಪಸ್ ಕೊಡೋಣ ಅನ್ನುವ ಮಾತೂ ಬಂತು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಈ ಪಂಪಿಗೆ ಒಂದು ಸ್ಟಾರ್ ಕೊಟ್ಟಿರುತ್ತಿದ್ದೆ. ತಪ್ಪು ಪಂಪಿನದಾಗಿರಲಿಲ್ಲ.

13ನೇ ತಾರೀಕು ಮಧ್ಯಾಹ್ನ ಒಬ್ಬ ಲ್ಯಾಕ್ಟೇಷನ್ ಕೌನ್ಸೆಲರ್, ಅಂದರೆ ಎದೆಹಾಲು ಕುಡಿಸುವುದರ ಬಗ್ಗೆ ಸಲಹೆ ಕೊಡುವವರು, ಮನೆಗೆ ಬಂದರು. ಐವತ್ತರ ಆಸುಪಾಸು, ಮೊದಲು ನರ್ಸ್ ಆಗಿದ್ದವರು. ಫೀಸು 1,200. ಬಂದವರು ಪಂಪ್ ಮುಟ್ಟಲಿಲ್ಲ. ಕೈ ತೊಳೆದುಕೊಂಡು, ಮಗುವಿನ ಬಾಯೊಳಗೆ ಬೆರಳಿಟ್ಟು ಚೀಪುವುದನ್ನು ನೋಡಿದರು. ನಾಲಿಗೆ ಎತ್ತಿ ನೋಡಿದರು. ಆಮೇಲೆ ನನ್ನನ್ನು ನೋಡಿ, "ನೋಡಮ್ಮಾ, ನಿನ್ನ ಮಗೂಗೆ ಚೀಪೋಕೆ ಬರುತ್ತೆ. ಈಗ ಶಕ್ತಿ ಇಲ್ಲ. ಶಕ್ತಿ ಬರೋವರೆಗೆ ಅದರ ಕೆಲಸ ನಾವು ಮಾಡ್ಬೇಕು, ಅಷ್ಟೇ" ಅಂದರು. ನಾಲ್ಕು ದಿನದಲ್ಲಿ ಮೊದಲ ಸಲ ಎದೆ ಮೇಲಿನ ಕಲ್ಲು ಇಳಿದ ಹಾಗಾಯಿತು.

ನಾನು ಪಂಪ್ ಹಾಕಿಕೊಂಡಿದ್ದನ್ನು ನೋಡಿ ಎರಡೇ ನಿಮಿಷಕ್ಕೆ ನಿಲ್ಲಿಸಲು ಹೇಳಿದರು. ಕಿಟ್ಟಿನ ಜೊತೆ ಬಂದ ಶೀಲ್ಡ್ 24 ಎಂಎಂ. ಚಿಕ್ಕ ಸ್ಕೇಲಿನಿಂದ ಅಳೆದು ನೋಡಿದರೆ ನನ್ನ ತೊಟ್ಟು 17 ಎಂಎಂ. ಶೀಲ್ಡ್ ದೊಡ್ಡದಾದಾಗ ತೊಟ್ಟಿನ ಜೊತೆ ಸುತ್ತಲಿನ ಚರ್ಮವೂ ಕೊಳವೆಯ ಒಳಗೆ ಎಳೆದುಕೊಂಡು ಬರುತ್ತದೆ, ಉಜ್ಜುತ್ತದೆ, ಊದುತ್ತದೆ. ಹಾಲು ಬರುವ ದಾರಿ ಹಿಸುಕಿದಂತಾಗುತ್ತದೆ. ತೊಟ್ಟಿನ ಅಳತೆಗಿಂತ ಎರಡು ಮೂರು ಎಂಎಂ ಜಾಸ್ತಿ ಇದ್ದರೆ ಸಾಕು ಅಂದರು. ತೊಟ್ಟು ಮಾತ್ರ ಕೊಳವೆಯಲ್ಲಿ ಹಿಂದೆ ಮುಂದೆ ಆಡಬೇಕು, ಗೋಡೆಗೆ ಉಜ್ಜಬಾರದು. ಶಕ್ತಿಯನ್ನು ನೋವಾಗುವವರೆಗೆ ಏರಿಸಿ, ಅಲ್ಲಿಂದ ಒಂದು ಹಂತ ಕೆಳಗಿಳಿಸಿ ಬಿಡಬೇಕು. ನೋವಿದ್ದರೆ ಹಾಲು ಸರಿಯಾಗಿ ಇಳಿಯುವುದಿಲ್ಲ. ಅವತ್ತು ಸಂಜೆಯೇ ನಮ್ಮನೆಯವರು ಅದೇ ಅಂಗಡಿಗೆ ಹೋಗಿ 19 ಎಂಎಂ ಶೀಲ್ಡ್ ಒಂದು ಜೊತೆ ತಂದರು. 650 ರೂಪಾಯಿ. ಅಷ್ಟು ಖರ್ಚಿನಲ್ಲಿ ನನಗೆ ಅತಿ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಅದೇ 650. ಪಂಪ್ ಕೊಡುವಾಗಲೇ ಅಂಗಡಿಯವರು ಅಳತೆ ಕೇಳಬೇಕಿತ್ತು. ಅವರ ಹತ್ತಿರ ಬೇರೆ ಬೇರೆ ಸೈಜು ಇಟ್ಟುಕೊಂಡಿದ್ದರೂ ಕೇಳಲಿಲ್ಲ, ಇದೊಂದು ಕೊರತೆ.

ಇನ್ನೊಂದು ಕಲಿಸಿದ್ದು ಕೈಯ ಕೆಲಸ. ಪಂಪ್ ಹಾಕುವ ಮುಂಚೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಒಂದು ನಿಮಿಷ. ಕಂಕುಳಿನ ಕಡೆಯಿಂದ ತೊಟ್ಟಿನ ಕಡೆಗೆ ಮೆಲ್ಲಗೆ ಸವರುವುದು. ಪಂಪ್ ಓಡುವಾಗ ಗಟ್ಟಿ ಇರುವ ಜಾಗವನ್ನು ಅಂಗೈಯಿಂದ ಒತ್ತಿ ಹಿಡಿಯುವುದು. ಪಂಪ್ ತೆಗೆದ ಮೇಲೆ ಕೈಯಿಂದ ಎರಡು ಮೂರು ನಿಮಿಷ ಹಿಂಡುವುದು. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ಕಪ್ಪು ವೃತ್ತದ ಅಂಚಿನಿಂದ ಸ್ವಲ್ಪ ಹಿಂದೆ. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳು ಕೂಡಿಸಿ, ಬಿಡುವುದು. ಬೆರಳು ಜಾರಬಾರದು. ಪಂಪಿಗೆ ಕೈ ಜೊತೆಯಾದರೆ ಹಾಲು ಜಾಸ್ತಿಯಾಗುವುದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಡಾಕ್ಟರ್ ಜೇನ್ ಮಾರ್ಟನ್ ತಂಡದವರು ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ತಾಯಂದಿರಲ್ಲಿ ತೋರಿಸಿದ್ದಾರೆ ಅಂತ ಅವರು ಹೇಳಿದರು. ನನಗೆ ಅದು ಅವತ್ತೇ ಕಣ್ಣಿಗೆ ಕಂಡಿತು. ಪಂಪ್ ನಿಂತ ಮೇಲೆ "ಇನ್ನೇನೂ ಇಲ್ಲ" ಅಂದುಕೊಂಡ ಎದೆಯಿಂದ ಕೈಗೆ ಇನ್ನೂ 8 ಎಂಎಲ್ ಬಂತು. ಗಟ್ಟಿ, ಹಳದಿ ಬಣ್ಣದ ಹಾಲು. ಅಪ್ಪ ಅದನ್ನು ಡೈರಿಯಲ್ಲಿ ಬೇರೆ ಬಣ್ಣದ ಪೆನ್ನಿನಲ್ಲಿ ಬರೆದಿದ್ದಾರೆ.

ಈಗ ಒಳಲೆಯ ವಿಷಯ.

ತೆಗೆದ ಹಾಲನ್ನು ಬಾಟಲಿಯಲ್ಲಿ ಕೊಟ್ಟರೆ ಮಗು ಎದೆಗೆ ಬರುವುದು ಇನ್ನೂ ತಡವಾಗಬಹುದು, ಒಳಲೆಯಲ್ಲಿ ಕುಡಿಸಿ ಅಂದರು ಕೌನ್ಸೆಲರ್. ತಮಿಳಿನವರು ಪಾಲಾಡೈ ಅನ್ನುತ್ತಾರೆ. ಆಸ್ಪತ್ರೆಗಳಲ್ಲೂ ಆ ಹೆಸರಿನಿಂದಲೇ ಕರೆಯುತ್ತಾರೆ. ನಮ್ಮದು ಅಜ್ಜಿಯ ಬೆಳ್ಳಿ ಒಳಲೆ. ಅದರಲ್ಲಿ ಅಮ್ಮನೂ ಕುಡಿದಿದ್ದಾರೆ, ನಾನೂ ಕುಡಿದಿದ್ದೇನೆ. ಎಲೆಯ ಆಕಾರ, ಒಂದು ಕಡೆ ಚೂಪಾದ ಮೂತಿ, ಮೂತಿಯ ತುದಿ ಮಾತ್ರ ಸವೆದು ತೆಳ್ಳಗಾಗಿದೆ. ಕೌನ್ಸೆಲರ್ ಅದರ ಒಳಗೆ, ಅಂಚಿನ ಸುತ್ತ ಬೆರಳಾಡಿಸಿ ನೋಡಿದರು. ಕೆತ್ತನೆ ಇಲ್ಲ, ಮಡಚಿದ ಅಂಚು ಇಲ್ಲ, ಹಾಲು ಸಿಕ್ಕಿಕೊಳ್ಳುವ ಜಾಗ ಇಲ್ಲ. "ಇದು ಚೆನ್ನಾಗಿದೆ, ದಿನಾ ಕುದಿಸಿ ಬಳಸಿ" ಅಂದರು. ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಬೆಳ್ಳಿಯದೇ ಬೇಕು ಅಂತೇನಿಲ್ಲ. ಪಾತ್ರೆ ಅಂಗಡಿಯಲ್ಲಿ ಸ್ಟೀಲಿನದು ಸಿಗುತ್ತದೆ. ನಾನು ಎರಡನೆಯದಾಗಿ ಅದನ್ನೂ ತೆಗೆದುಕೊಂಡೆ, 70 ರೂಪಾಯಿ. ಮೂತಿಯ ಅಂಚು ಚರ್ಮಕ್ಕೆ ತರಚುತ್ತದಾ ಅಂತ ನಿಮ್ಮ ತುಟಿಗೆ ಇಟ್ಟು ನೋಡಿ ಕೊಳ್ಳಿ.

ಕುಡಿಸುವುದರಲ್ಲಿ ಅಮ್ಮನ ಕೈ ನನಗಿಂತ ಚೆನ್ನ. ಕಾಲು ಚಾಚಿ ಗೋಡೆಗೆ ಒರಗಿ ಕೂರುತ್ತಿದ್ದರು. ಮಗುವನ್ನು ಪೂರ್ತಿ ಮಲಗಿಸುವುದಿಲ್ಲ, ತಲೆ ಮೇಲಕ್ಕೆ ಬರುವ ಹಾಗೆ ಎಡ ತೋಳಿನ ಮೇಲೆ ಕೂರಿಸಿದಂತೆ. ಕೆನ್ನೆ ಕೆಳಗೆ ಮಡಚಿದ ಬಿಳಿ ಪಂಚೆ ತುಂಡು. ಒಳಲೆಯ ಮೂತಿ ಕೆಳತುಟಿಯ ಮೇಲೆ, ಬಾಯಿಯ ಮೂಲೆಯಲ್ಲಿ. ಹಾಲು ಬಾಯಿಗೆ ಸುರಿಯಬಾರದು. ತುಟಿಗೆ ತಾಗುವಷ್ಟು ಮಾತ್ರ ಒಳಲೆ ಬಾಗಿಸಬೇಕು. ತಾಗಿದ ತಕ್ಷಣ ಮಗು ನಾಲಿಗೆ ಮುಂದೆ ತಂದು ನೆಕ್ಕುತ್ತದೆ. ಗುಟುಕ್ ಅಂತ ಗಂಟಲು ಆಡುವುದನ್ನು ನೋಡಬೇಕು, ಆಮೇಲೆ ಇನ್ನೊಂದು ಹನಿ. ನಿದ್ದೆಯಲ್ಲಿರುವ ಮಗುವಿಗೆ, ಆತುರದಲ್ಲಿ ಸುರಿದರೆ ಹಾಲು ನೆತ್ತಿಗೆ ಹತ್ತುತ್ತದೆ, ಶ್ವಾಸಕೋಶಕ್ಕೂ ಹೋಗಬಹುದು. ಅದಕ್ಕೇ ಅಮ್ಮ ಮೊದಲು ಅಂಗಾಲು ಉಜ್ಜಿ, ಬಟ್ಟೆ ಬಿಚ್ಚಿ, ಪೂರ್ತಿ ಎಚ್ಚರ ಮಾಡಿಯೇ ಶುರು ಮಾಡುತ್ತಿದ್ದರು. 30 ಎಂಎಲ್‌ಗೆ ಇಪ್ಪತ್ತು ನಿಮಿಷ. ಚೆಲ್ಲುವುದೂ ಇದೆ. ಅಷ್ಟು ಕಷ್ಟಪಟ್ಟು ತೆಗೆದ ಹಾಲು ಪಂಚೆಗೆ ಹೋದಾಗ ನನಗೆ ಸಂಕಟ ಆಗುತ್ತಿತ್ತು. ಮೂರು ದಿನದಲ್ಲಿ ಚೆಲ್ಲುವುದು ಕಡಿಮೆಯಾಯಿತು.

ದಿನ ಹೀಗೆ ಓಡುತ್ತಿತ್ತು. ಮೂರು ಗಂಟೆಗೊಮ್ಮೆ ಮಗುವನ್ನು ಎಬ್ಬಿಸಿ ಮೊದಲು ಎದೆಗೆ, ಎರಡೂ ಕಡೆ ಸೇರಿ ಇಪ್ಪತ್ತು ನಿಮಿಷ. ಆಮೇಲೆ ಅಮ್ಮನ ಕೈಗೆ, ಹಿಂದಿನ ಸಲ ತೆಗೆದ ಹಾಲು ಒಳಲೆಯಲ್ಲಿ. ಕಡಿಮೆ ಬಿದ್ದಷ್ಟು ಪೌಡರ್ ಹಾಲು, ಡಾಕ್ಟರು ಹೇಳಿದ ಲೆಕ್ಕದಲ್ಲಿ. ಅದೇ ಹೊತ್ತಿಗೆ ನಾನು ಪಂಪಿನ ಮುಂದೆ. ಆಮೇಲೆ ನಮ್ಮನೆಯವರು ಕಿಟ್ ಬಿಚ್ಚಿ ಸೋಪು, ಬಿಸಿನೀರಲ್ಲಿ ತೊಳೆದು ಒಣಗಲು ಇಡುವುದು, ದಿನಕ್ಕೊಮ್ಮೆ ಕುದಿಸುವುದು. ಒಂದು ಸುತ್ತಿಗೆ ಒಂದು ಗಂಟೆ ಹತ್ತು ನಿಮಿಷ. ಹೀಗೆ ದಿನಕ್ಕೆ ಎಂಟು ಸುತ್ತು. ರಾತ್ರಿ ಒಂದರಿಂದ ಐದರ ಒಳಗೆ ಒಂದು ಸುತ್ತು ಇರಲೇಬೇಕು ಅಂದಿದ್ದರು, ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್ ರಾತ್ರಿ ಜಾಸ್ತಿ ಇರುತ್ತದೆ. ಸಂಜೆ ಏಳಕ್ಕೆ ಒಂದು ಸುತ್ತು ಮಾತ್ರ ಬೇರೆ ಥರ: 20 ನಿಮಿಷ ಪಂಪ್, 10 ಬಿಡುವು, 10 ಪಂಪ್, 10 ಬಿಡುವು, ಮತ್ತೆ 10 ಪಂಪ್. ಹೊಟ್ಟೆಬಾಕ ಮಗು ಬಿಟ್ಟು ಬಿಟ್ಟು ಕುಡಿದ ಹಾಗೆ. ನಿಮ್ಮ ಮನೆಯಲ್ಲಿ ಕೈಜೋಡಿಸಲು ಒಬ್ಬರೂ ಇಲ್ಲದಿದ್ದರೆ ಇದು ತುಂಬಾ ಕಷ್ಟ. ನನಗೆ ಮೂರು ಜನ ಇದ್ದರು. ಅದಕ್ಕೇ ಪಂಪ್ ಕೆಲಸ ಮಾಡಿತು. ಇದನ್ನು ಹೇಳದೆ ಪಂಪನ್ನು ಹೊಗಳಿದರೆ ಸರಿಯಲ್ಲ.

ಡೈರಿಯ ಲೆಕ್ಕ ಹೀಗಿದೆ. 11ಕ್ಕೆ 62 ಎಂಎಲ್. 13ಕ್ಕೆ 70. ಶೀಲ್ಡ್ ಬದಲಾಯಿಸಿದ ಮೇಲೆ 15ಕ್ಕೆ 190. 17ಕ್ಕೆ ಮತ್ತೆ 165ಕ್ಕೆ ಇಳಿಯಿತು, ಅವತ್ತು ಜ್ವರ ಬಂದು ಎರಡು ಸುತ್ತು ತಪ್ಪಿತ್ತು. 19ಕ್ಕೆ 340. 20ಕ್ಕೆ ಮಗುವಿನ ತೂಕ 2 ಕೆಜಿ 650, ಹುಟ್ಟಿದ ತೂಕಕ್ಕೆ ವಾಪಸ್. ಅವತ್ತು ಡಾಕ್ಟರು ಪೌಡರ್ ಹಾಲು ನಿಲ್ಲಿಸಿ ಅಂದರು. ಆ ದಿನ ಏಳು ಸಲ ಮೂತ್ರ, ನಾಲ್ಕು ಸಲ ಸಾಸಿವೆ ಕಾಳು ಕಲಸಿದಂಥ ಹಳದಿ ಮಲ. ಅಪ್ಪ ಆ ಪುಟದ ಕೆಳಗೆ ಎರಡು ಗೆರೆ ಎಳೆದಿದ್ದಾರೆ.

ಬಾಣಂತನದ ಊಟದ ಬಗ್ಗೆ ಎಲ್ಲರೂ ಕೇಳುತ್ತಾರೆ. ಸಬ್ಬಸಿಗೆ ಸೊಪ್ಪಿನ ಪಲ್ಯ, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಮೆಣಸಿನ ಸಾರು, ಮೆಂತ್ಯದ ಗಂಜಿ ಎಲ್ಲಾ ತಿಂದೆ, ಇಷ್ಟಪಟ್ಟು ತಿಂದೆ. ಆದರೆ 11ರಿಂದ 13ರವರೆಗೂ ಅದೇ ಊಟ ಇತ್ತು, ಹಾಲು ಏರಲಿಲ್ಲ. ಎದೆ ಖಾಲಿಯಾಗಲು ಶುರುವಾದ ಮೇಲೆ ಏರಿತು. ನೀರು ಕಡಿಮೆ ಕುಡಿ ಅನ್ನುವ ಪದ್ಧತಿಯನ್ನು ಮಾತ್ರ ಬಿಟ್ಟುಬಿಡಿ. ಬಾಯಾರಿದಷ್ಟು ಕುಡಿಯಿರಿ. ಪಂಪಿಗೆ ಕೂರುವಾಗಲೆಲ್ಲ ಅಮ್ಮ ಒಂದು ಚೊಂಬು ಬಿಸಿನೀರು ಪಕ್ಕದಲ್ಲಿ ಇಡುತ್ತಿದ್ದರು. ಹಾಲು ಬರಿಸುವ ಮಾತ್ರೆ, ಪುಡಿ ಯಾವುದನ್ನೂ ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ.

ದೊಡ್ಡಮ್ಮ ಸಕ್ಕರೆ ನೀರು ಕುಡಿಸು, ಬೆಳಗಿನ ಬಿಸಿಲಿಗೆ ಹಿಡಿ ಅಂದಿದ್ದರು. ಎರಡಕ್ಕೂ ಡಾಕ್ಟರು ಬೇಡ ಅಂದರು. ನೀರಿನಿಂದ ಹೊಟ್ಟೆ ತುಂಬುತ್ತದೆ, ಹಾಲಿಗೆ ಜಾಗ ಇರುವುದಿಲ್ಲ, ಬಿಲಿರುಬಿನ್ ಅದರಿಂದ ಇಳಿಯುವುದಿಲ್ಲ. ಬಿಸಿಲನ್ನು ಲೈಟಿನ ಬದಲಿಗೆ ನಂಬಿ ಕೂರಬಾರದು, ರಕ್ತ ಪರೀಕ್ಷೆಯೇ ಹೇಳಬೇಕು. ಮೂರು ವಾರ ಕಳೆದರೂ ಕಣ್ಣಿನ ಬಿಳಿ ಭಾಗದಲ್ಲಿ ಸ್ವಲ್ಪ ಹಳದಿ ಉಳಿದಿತ್ತು. ಮತ್ತೆ ಪರೀಕ್ಷೆ ಮಾಡಿ, ಮಲದ ಬಣ್ಣ ಕೇಳಿ, ಇದು ಎದೆಹಾಲು ಕುಡಿಯುವ ಮಕ್ಕಳಲ್ಲಿ ಕೆಲವು ವಾರ ಉಳಿಯುವಂಥದ್ದು, ಹಾಲು ನಿಲ್ಲಿಸಬೇಡಿ ಅಂದರು. ಮಲ ಸುಣ್ಣದ ಹಾಗೆ ಬೆಳ್ಳಗಿದ್ದರೆ, ಮೂತ್ರ ಗಾಢ ಹಳದಿಯಾಗಿದ್ದರೆ ಅದು ಬೇರೆ, ಅವತ್ತೇ ತೋರಿಸಬೇಕು. ಎಬ್ಬಿಸಿದರೂ ಏಳದ, ಹಾಲೇ ಕುಡಿಯದ ಮಗುವನ್ನು ಇಟ್ಟುಕೊಂಡು ಪಂಪ್ ಹುಡುಕುತ್ತಾ ಕೂರಬೇಡಿ, ಮೊದಲು ಆಸ್ಪತ್ರೆಗೆ ಹೋಗಿ.

22ನೇ ತಾರೀಕು ರಾತ್ರಿ ಎರಡೂವರೆಗೆ ಅಲಾರಂ ಹೊಡೆಯುವ ಮುಂಚೆಯೇ ಮಗು ಎದ್ದು ಅತ್ತಳು. ಹಸಿವಿನ ಅಳು. ಹುಟ್ಟಿದ ಮೇಲೆ ನಾನು ಅದನ್ನು ಮೊದಲ ಸಲ ಕೇಳಿದ್ದು. ಎದೆಗೆ ಹಾಕಿದರೆ ಬಾಯಿ ಅಗಲ ಮಾಡಿ ಹಿಡಿದಳು. ಒಂದು ಚೀಪು, ಒಂದು ಗುಟುಕು. ಕೋಣೆ ನಿಶ್ಶಬ್ದವಾಗಿತ್ತು, ಗುಟುಕು ಚೆನ್ನಾಗಿ ಕೇಳುತ್ತಿತ್ತು. ಹದಿನೆಂಟು ನಿಮಿಷ ಬಿಡದೆ ಕುಡಿದು, ಕೈ ಮುಷ್ಟಿ ಸಡಿಲಿಸಿ ಮಲಗಿದಳು. ಬಾಗಿಲ ಆಚೆಯಿಂದ ಅಪ್ಪ "ಎಷ್ಟಮ್ಮಾ?" ಅಂದರು. "ಗೊತ್ತಿಲ್ಲ ಅಪ್ಪಾ, ಅವಳೇ ಕುಡಿದಳು" ಅಂದೆ. ಡೈರಿಯಲ್ಲಿ ಆ ಮನೆಯೊಳಗೆ ಅಂಕಿ ಇಲ್ಲ, "ನೇರ" ಅಂತ ಬರೆದಿದೆ.

ಅಲ್ಲಿಂದ ಪಂಪನ್ನು ಒಮ್ಮೆಲೇ ನಿಲ್ಲಿಸಲಿಲ್ಲ. ಎರಡು ಮೂರು ದಿನಕ್ಕೆ ಒಂದು ಸುತ್ತಿನಂತೆ ಕಡಿಮೆ ಮಾಡುತ್ತಾ, ಪ್ರತಿ ವಾರ ತೂಕ ನೋಡುತ್ತಾ ಬಂದೆ. ಮಧ್ಯೆ ಉಳಿದ ಹಾಲನ್ನು ಫ್ರಿಜ್ಜಿನಲ್ಲಿ ಇಟ್ಟೆ. ಹೊರಗಡೆ ಆದರೆ ನಾಲ್ಕು ಗಂಟೆಯ ಒಳಗೆ ಕುಡಿಸಿಬಿಡಬೇಕು. ಜೂನ್ 30ಕ್ಕೆ 2 ಕೆಜಿ 910, ಜುಲೈ 10ಕ್ಕೆ 3 ಕೆಜಿ 220.

ಒಟ್ಟು ಖರ್ಚು ಬಾಡಿಗೆ, ಕಿಟ್, ಚಿಕ್ಕ ಶೀಲ್ಡ್ ಸೇರಿ 6,950. ಕೌನ್ಸೆಲರ್ ಎರಡು ಸಲ ಬಂದಿದ್ದಕ್ಕೆ 2,400. ಕಡಿಮೆ ಹಣವಲ್ಲ. ಇಷ್ಟು ಆಗದವರು ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ಕೌನ್ಸೆಲರ್‌ಗೆ ಕೊಡಿ. ಕೈಯಿಂದ ಹಾಲು ತೆಗೆಯುವುದನ್ನು ಅವರಿಂದ ಕಲಿತು, ಒಂದು ಸ್ಟೀಲ್ ಒಳಲೆ ತಂದುಕೊಂಡರೆ ಪಂಪ್ ಇಲ್ಲದೆಯೂ ತುಂಬಾ ಮಾಡಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದವರು ಅಲ್ಲಿನ ನರ್ಸ್, ಆಶಾ ಕಾರ್ಯಕರ್ತೆಯನ್ನು ಬಿಡದೆ ಕೇಳಿ, ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಪಂಪಿಗೆ ನನ್ನ ಕಡೆಯಿಂದ ನಾಲ್ಕು ಸ್ಟಾರ್. ಸರಿಯಾದ ಶೀಲ್ಡ್ ಮೊದಲೇ ಕೊಟ್ಟಿದ್ದರೆ ಐದು. ಒಳಲೆಗೆ ಐದು.

ಜುಲೈ 10ಕ್ಕೆ ನಾನೇ ಮಗುವನ್ನು ಎತ್ತಿಕೊಂಡು ಆಟೋದಲ್ಲಿ ಹೋಗಿ ಪಂಪ್ ವಾಪಸ್ ಕೊಟ್ಟೆ. ಅಂಗಡಿಯ ಹಿರಿಯರು ಮೋಟಾರ್ ಓಡಿಸಿ ನೋಡಿ, ಬಟ್ಟೆಯಿಂದ ಒರೆಸಿ, ಡಿಪಾಸಿಟ್ ಪೂರ್ತಿ ಎಣಿಸಿ ಕೊಟ್ಟರು. ಶೀಲ್ಡಿನ ಅಳತೆಯ ವಿಷಯ ಅವರಿಗೆ ಹೇಳಿದೆ. ಡ್ರಾಯರಿನಿಂದ ಒಂದು ಚಿಕ್ಕ ಸ್ಕೇಲ್ ತೆಗೆದು ಪಂಪಿನ ಚೀಲದೊಳಗೆ ಹಾಕಿದರು, "ಇನ್ಮೇಲೆ ಇದನ್ನೂ ಜೊತೇಲೇ ಕಳಿಸ್ತೀನಮ್ಮಾ" ಅಂದರು. ಬೆಳ್ಳಿ ಒಳಲೆ ಬೀರುವಿಗೆ ಇನ್ನೂ ವಾಪಸ್ ಹೋಗಿಲ್ಲ. ಮಗಳಿಗೆ ಈಗ ಮೂರು ತಿಂಗಳು. ದಿನಾ ಬೆಳಿಗ್ಗೆ ವಿಟಮಿನ್ ಡಿ ಹನಿಯನ್ನು ಒಂದು ಚಮಚದಷ್ಟು ಎದೆಹಾಲಿಗೆ ಬೆರೆಸಿ ಅಮ್ಮ ಅದರಲ್ಲೇ ಕುಡಿಸುತ್ತಾರೆ.